ಶೆಫರ್ಡ್–ಹಸ್ಕಿ ಮಿಶ್ರತಳಿ ನಾಯಿ: ಕೆಲಸ ಕೊಡಿ, ತಂಪು ಕೊಡಿ

ತಂದಾಗ ಒಂದು ಕೈಯಲ್ಲಿ ಎತ್ತಿಕೊಳ್ಳುವಷ್ಟಿದ್ದ ಮರಿ ಎಂಟು ತಿಂಗಳಾಗುವಷ್ಟರಲ್ಲಿ ಮನೆಯನ್ನೇ ತಲೆಕೆಳಗು ಮಾಡಿದೆ. ಹೂಕುಂಡ ಉರುಳಿಸಿದೆ, ಕಾಂಪೌಂಡಿನ ಬುಡದಲ್ಲಿ ಮೊಣಕಾಲಾಳದ ಗುಂಡಿ ತೋಡಿದೆ. ಗೇಟು ತೆರೆದರೆ ಸಾಕು, ಬೀದಿಯ ಕೊನೆ ಮುಟ್ಟಿರುತ್ತದೆ. ರಾತ್ರಿ ಊಳಿಡುವುದಕ್ಕೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದ್ದಾರೆ. ಗುಡಿಸಿದ ಅರ್ಧ ಗಂಟೆಗೆ ಮೂಲೆ ಮೂಲೆಯಲ್ಲಿ ಮತ್ತೆ ಕೂದಲ ಉಂಡೆ.

ಜರ್ಮನ್ ಶೆಫರ್ಡ್ ಮತ್ತು ಸೈಬೀರಿಯನ್ ಹಸ್ಕಿ ಕೂಡಿ ಹುಟ್ಟಿದ ನಾಯಿಯನ್ನು ಸಾಕಿದವರಲ್ಲಿ ಬಹಳ ಮಂದಿ ಹೇಳುವ ಕಷ್ಟಗಳಿವು. ‘ಇದಕ್ಕೆ ಏನಾಗಿದೆ?’ ಎಂದು ಅವರು ಕೇಳುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಏನೂ ಆಗಿರುವುದಿಲ್ಲ. ದಿನವಿಡೀ ದುಡಿಯಲೆಂದೇ ರೂಪಿಸಿದ ಎರಡು ತಳಿಗಳ ರಕ್ತ ಅದರಲ್ಲಿದೆ, ಆದರೆ ಮಾಡಲು ಕೆಲಸವಿಲ್ಲ. ಚಳಿನಾಡಿಗೆಂದು ಬೆಳೆದ ಕೂದಲು ಮೈಮೇಲಿದೆ, ಆದರೆ ಇರುವುದು ನಮ್ಮ ಬಿಸಿಲಿನಲ್ಲಿ. ನಾವು ತುಂಟತನ ಎಂದು ಬೈಯುವ ಬಹುಪಾಲು ನಡವಳಿಕೆ ಈ ಎರಡು ಕೊರತೆಗಳಿಂದ ಹುಟ್ಟುತ್ತದೆ. ಅವನ್ನು ನೀಗಿಸಿದರೆ ಇಷ್ಟು ಚುರುಕಾದ, ಇಷ್ಟು ಪ್ರೀತಿಯ ನಾಯಿ ಸಿಗುವುದು ಅಪರೂಪ.

ಎರಡು ಕಸುಬು, ಒಂದು ಮೈ

ಜರ್ಮನ್ ಶೆಫರ್ಡ್ ಕುರಿ ಕಾಯುವ ನಾಯಿ. 1899ರಲ್ಲಿ ಜರ್ಮನಿಯ ಅಶ್ವದಳದ ಅಧಿಕಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಒಂದು ಕುರಿನಾಯಿಯನ್ನು ಕೊಂಡು, ಅದಕ್ಕೆ ಹೊರಾಂಡ್ ಎಂದು ಹೆಸರಿಟ್ಟು, ಈ ತಳಿಯ ಮೊದಲ ನಾಯಿಯಾಗಿ ದಾಖಲಿಸಿದರು. ಹಸ್ಕಿಯ ಮೂಲ ಸೈಬೀರಿಯದ ಈಶಾನ್ಯ ಅಂಚಿನ ಚುಕ್ಚಿ ಜನರ ಹಿಮಗಾಡಿಯ ನಾಯಿಗಳು. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಡಿಫ್ತೀರಿಯಾ ಹರಡಿದಾಗ, ಸುಮಾರು ಸಾವಿರ ಕಿಲೋಮೀಟರ್ ಹಿಮದ ಹಾದಿಯಲ್ಲಿ ಸರದಿಯ ಮೇಲೆ ಓಡಿ ಔಷಧಿ ಮುಟ್ಟಿಸಿದ್ದು ಹಿಮಗಾಡಿಯ ನಾಯಿಗಳೇ. ಅವುಗಳಲ್ಲಿ ಟೋಗೊ, ಬಾಲ್ಟೊ ಎಂಬ ಹಸ್ಕಿಗಳ ಹೆಸರು ಇಂದಿಗೂ ಉಳಿದಿದೆ.

ಇತಿಹಾಸ ಇಷ್ಟು ಸಾಕು. ನಿಮಗೆ ಬೇಕಾದದ್ದು ಅದರೊಳಗಿನ ಒಂದು ವ್ಯತ್ಯಾಸ. ಕುರಿ ಕಾಯುವ ನಾಯಿ ಕುರುಬನ ಮುಖ ನೋಡಿಕೊಂಡು ಕೆಲಸ ಮಾಡುತ್ತದೆ, ಅವನ ಸನ್ನೆಗೆ ಕಾಯುತ್ತದೆ. ಗಾಡಿ ಎಳೆಯುವ ನಾಯಿ ಯಜಮಾನನಿಗೆ ಬೆನ್ನು ಹಾಕಿ ಮುಂದೆ ಓಡುತ್ತದೆ. ಮುಂದೆ ತೆಳು ಮಂಜುಗಡ್ಡೆ ಕಂಡರೆ, ‘ನಡೆ’ ಎಂದು ಅವನು ಕೂಗಿದರೂ ಅದು ನಿಲ್ಲಬೇಕು. ಒಂದಕ್ಕೆ ಮಾತು ಕೇಳುವುದೇ ಕಸುಬು, ಇನ್ನೊಂದಕ್ಕೆ ತಾನೇ ತೀರ್ಮಾನ ಮಾಡುವುದು ಕಸುಬಿನ ಭಾಗ. ನಿಮ್ಮ ನಾಯಿಯಲ್ಲಿ ಇವೆರಡೂ ಇವೆ. ಮನೆಯೊಳಗೆ ‘ಕೂತ್ಕೋ’ ಅಂದ ಕೂಡಲೇ ಕೂರುವ ನಾಯಿ ಮೈದಾನದಲ್ಲಿ ಹತ್ತು ಸಲ ಕರೆದರೂ ತಿರುಗಿ ನೋಡದಿರುವುದು ಇದೇ ಕಾರಣಕ್ಕೆ.

ನಿಮ್ಮ ನಾಯಿ ಯಾವ ಕಡೆಗೆ ವಾಲಿದೆ?

ಮಿಶ್ರತಳಿಯಲ್ಲಿ ಗುಣಗಳು ಅರ್ಧರ್ಧ ಹಂಚಿಕೊಂಡು ಬರುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲಿ ಒಂದು ಅಪ್ಪನಂತೆ, ಒಂದು ಅಮ್ಮನಂತೆ, ಇನ್ನೊಂದು ಇಬ್ಬರಂತೆಯೂ ಇಲ್ಲದೆ ಬೆಳೆಯಬಹುದು. ತೂಕ 20ರಿಂದ 40 ಕಿಲೋ, ಭುಜದವರೆಗಿನ ಎತ್ತರ 50ರಿಂದ 65 ಸೆಂ.ಮೀ. ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಕಿವಿ ಸಾಮಾನ್ಯವಾಗಿ ನೆಟ್ಟಗೆ ನಿಲ್ಲುತ್ತದೆ. ಕಣ್ಣು ಎರಡೂ ಕಂದಾಗಿರಬಹುದು, ಎರಡೂ ನೀಲಿಯಾಗಿರಬಹುದು, ಒಂದೊಂದು ಒಂದೊಂದು ಬಣ್ಣದ್ದೂ ಇರಬಹುದು. ಹಸ್ಕಿಯಿಂದ ಬಂದ ನೀಲಿ ಕಣ್ಣು ಅದರಷ್ಟಕ್ಕೆ ಕಾಯಿಲೆಯಲ್ಲ. ಆಯಸ್ಸು ಸುಮಾರು 10ರಿಂದ 13 ವರ್ಷ.

ಮೈಬಣ್ಣ ನೋಡಿ ಸ್ವಭಾವ ಊಹಿಸಬೇಡಿ. ಈ ಮೂರನ್ನು ಗಮನಿಸಿ:

1. ಉದ್ದ ಹಗ್ಗ ಕಟ್ಟಿ ಬಯಲಿನಲ್ಲಿ ಬಿಟ್ಟಾಗ ಆಗಾಗ ತಿರುಗಿ ನಿಮ್ಮನ್ನು ನೋಡುತ್ತದೆಯೇ? ಹಾಗಿದ್ದರೆ ಶೆಫರ್ಡ್ ಪಾಲು ಬಲವಾಗಿದೆ. ಮೂಗು ನೆಲಕ್ಕಿಟ್ಟು ಮುಂದೆ ಮುಂದೆ ಹೋಗುತ್ತಲೇ ಇದ್ದರೆ ಹಸ್ಕಿ ಪಾಲು ಹೆಚ್ಚು.
2. ಹೊಸಬರು ಬಂದಾಗ ಬೊಗಳಿ, ದೂರ ನಿಂತು ಅಳೆಯುವುದು ಶೆಫರ್ಡ್ ರೀತಿ. ಯಾರೇ ಬಂದರೂ ಬಾಲ ಆಡಿಸಿ ಮೈಮೇಲೆ ಬೀಳುವುದು ಹಸ್ಕಿ ರೀತಿ. ಇಂಥದ್ದನ್ನು ಮನೆ ಕಾಯಲೆಂದು ತಂದವರಿಗೆ ನಿರಾಶೆ ಕಾದಿದೆ.
3. ಓಡುವ ಮಕ್ಕಳ ಹಿಮ್ಮಡಿಗೆ ಬಾಯಿ ಹಾಕುವುದು ಮಂದೆ ಒಟ್ಟುಗೂಡಿಸುವ ಶೆಫರ್ಡ್ ಗುಣ. ಕೋಳಿ, ಬೆಕ್ಕು, ಅಳಿಲು ಕಂಡ ಕೂಡಲೇ ಬೆನ್ನಟ್ಟುವುದು ಹಸ್ಕಿಯ ಬೇಟೆ ಗುಣ.

ಶೆಫರ್ಡ್ ಕಡೆ ವಾಲಿದ ನಾಯಿಗೆ ಹೊಸ ಜನ, ಹೊಸ ಜಾಗಗಳ ಪರಿಚಯ ಹೆಚ್ಚು ಬೇಕು. ಹಸ್ಕಿ ಕಡೆ ವಾಲಿದ್ದಕ್ಕೆ ಬೇಲಿ ಮತ್ತು ಓಟ ಹೆಚ್ಚು ಬೇಕು. ಉಳಿದ ಆರೈಕೆ ಎರಡಕ್ಕೂ ಒಂದೇ.

ಆರೈಕೆಯ ಏಳು ಹೆಜ್ಜೆಗಳು

1. ಮೊದಲು ಬಿಸಿಲನ್ನು ನಿಭಾಯಿಸಿ

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಅಲ್ಪ. ಬಾಯಿ ತೆರೆದು ಏದುಸಿರು ಬಿಟ್ಟು, ನಾಲಿಗೆ ಮತ್ತು ಉಸಿರುನಾಳದ ತೇವ ಆರಿದಾಗ ಅದರ ಮೈ ತಣಿಯುತ್ತದೆ. ಇದು ಗೊತ್ತಿದ್ದರೆ ಇನ್ನೊಂದು ಸಂಗತಿಯೂ ಅರ್ಥವಾಗುತ್ತದೆ. ಕಲಬುರಗಿ, ರಾಯಚೂರುಗಳ 40 ಡಿಗ್ರಿ ಮೀರಿದ ಬಿಸಿಲು ಅಪಾಯ ಎಂಬುದು ಎಲ್ಲರಿಗೂ ಕಾಣುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಉಷ್ಣಾಂಶ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ನೀರಿನಂಶ ತುಂಬಿರುವುದರಿಂದ ನಾಲಿಗೆಯ ತೇವ ಆರುವುದಿಲ್ಲ. ಹೀಗಾಗಿ ಕರಾವಳಿಯ ಸೆಖೆಯೂ ಅಷ್ಟೇ ಅಪಾಯ. ಬೆಂಗಳೂರು, ಮೈಸೂರಿನವರು ‘ನಮ್ಮೂರು ತಂಪು’ ಎಂದು ಮಾರ್ಚ್‌ನಿಂದ ಮೇವರೆಗಿನ ಮಧ್ಯಾಹ್ನಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು.

- ಬೇಸಿಗೆಯಲ್ಲಿ ನಡಿಗೆ ಬೆಳಿಗ್ಗೆ 7ರ ಒಳಗೆ, ಸಂಜೆ ಹೊತ್ತು ಮುಳುಗಿ ನೆಲ ಆರಿದ ಮೇಲೆ. ಹೊರಡುವ ಮುನ್ನ ಅಂಗೈಯ ಹಿಂಬದಿಯನ್ನು ಡಾಂಬರು ರಸ್ತೆಗೆ 7 ಸೆಕೆಂಡು ಒತ್ತಿ ಹಿಡಿಯಿರಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ಆಗದು.
- ಹಗಲಿಡೀ ಗಾಳಿಯಾಡುವ, ನೆರಳಿರುವ ಕೋಣೆಯಲ್ಲಿ ಇರಲಿ. ರೆಡ್ ಆಕ್ಸೈಡ್ ಅಥವಾ ಕಲ್ಲಿನ ನೆಲವಿದ್ದರೆ ಅದು ತಾನೇ ಅಲ್ಲಿ ಹೋಗಿ ಮಲಗುತ್ತದೆ. ತಾರಸಿ, ಶೀಟು ಹೊದಿಸಿದ ಗೂಡು, ನಿಲ್ಲಿಸಿದ ಕಾರು ಇವು ಮೂರೂ ಬೇಡ, ಹತ್ತು ನಿಮಿಷಕ್ಕೂ ಬೇಡ.
- ಎರಡು ಕಡೆ ನೀರಿಡಿ. ಒಂದನ್ನು ಉರುಳಿಸಿದರೂ ಇನ್ನೊಂದು ಇರುತ್ತದೆ. ಅಗಲ ಬಾಯಿಯ ಭಾರದ ಮಣ್ಣಿನ ಪಾತ್ರೆ ಒಳ್ಳೆಯದು.
- ತಣಿಸಬೇಕೆಂದರೆ ಹೊಟ್ಟೆ, ತೊಡೆಯ ಒಳಭಾಗ, ಪಾದಗಳನ್ನು ನೀರಿನಿಂದ ತೋಯಿಸಿ ಫ್ಯಾನ್ ಹಾಕಿ. ಬೆನ್ನಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಬಿಟ್ಟರೆ ಬಟ್ಟೆ ಬೆಚ್ಚಗಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ.
- ಕರೆಂಟು ಹೋದರೆ ಏನು ಮಾಡುವುದು ಎಂದು ಮೊದಲೇ ಯೋಚಿಸಿ. ಎ.ಸಿ. ನಂಬಿಕೊಂಡು ಬಾಗಿಲು ಕಿಟಕಿ ಮುಚ್ಚಿ ಕೆಲಸಕ್ಕೆ ಹೋದ ಮನೆಯಲ್ಲಿ, ಕರೆಂಟು ಹೋದ ಮೇಲೆ ನಾಯಿಗೆ ಗಾಳಿಯೂ ಇಲ್ಲ.

2. ಬಾಚಿ, ಬೋಳಿಸಬೇಡಿ

ಎರಡೂ ತಳಿಗಳಿಗೆ ಎರಡು ಪದರದ ಕೂದಲು. ಒಳಗೆ ಮೆತ್ತನೆಯ ಒತ್ತಾದ ಒಳಗೂದಲು, ಹೊರಗೆ ಒರಟಾದ ಮೇಲ್ಗೂದಲು. ಮೇಲ್ಗೂದಲು ಬಿಸಿಲಿನ ಉರಿಯನ್ನೂ ಮಳೆಯನ್ನೂ ಚರ್ಮಕ್ಕೆ ನೇರ ತಾಗಗೊಡುವುದಿಲ್ಲ. ಬೇಸಿಗೆ ಬಂತೆಂದು ಪೂರಾ ಬೋಳಿಸಿದರೆ ಚರ್ಮ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಮತ್ತೆ ಬೆಳೆಯುವಾಗ ಒಳಗೂದಲು ಮುಂದಾಗಿ ಮೇಲ್ಗೂದಲು ಹಿಂದುಳಿಯಬಹುದು. ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಕೂದಲು ಸರಿಯಾಗಿ ಬರುವುದೇ ಇಲ್ಲ.

ಸೆಖೆ ಹಿಡಿದಿಡುವುದು ಮುಖ್ಯವಾಗಿ ಉದುರಿದರೂ ಹೊರಬರದೆ ಒಳಗೇ ಸಿಕ್ಕಿಕೊಂಡ ಸತ್ತ ಒಳಗೂದಲು. ಅದನ್ನು ತೆಗೆದರೆ ಚರ್ಮದವರೆಗೆ ಗಾಳಿ ಆಡುತ್ತದೆ. ವಾರಕ್ಕೆ ಮೂರು ಸಲ ಬಾಚಿ. ವರ್ಷಕ್ಕೆ ಸುಮಾರು ಎರಡು ಸಲ ಒಳಗೂದಲು ಕಂತೆ ಕಂತೆಯಾಗಿ ಉದುರುವ ವಾರಗಳಲ್ಲಿ ದಿನವೂ ಬಾಚಿ. ಮೊದಲು ಒಳಗೂದಲಿಗೆಂದೇ ಸಿಗುವ ಅಗಲ ಹಲ್ಲಿನ ಬಾಚಣಿಗೆ, ಆಮೇಲೆ ಸ್ಲಿಕರ್ ಬ್ರಷ್. ತೊಡೆಯ ಹಿಂಭಾಗ, ಕುತ್ತಿಗೆ, ಕಿವಿಯ ಹಿಂದೆ ಗಂಟು ಬೇಗ ಕಟ್ಟುತ್ತದೆ.

ಸ್ನಾನ ಆರೆಂಟು ವಾರಕ್ಕೊಮ್ಮೆ ಸಾಕು. ವಾರವಾರ ಸೋಪು ಹಾಕಿದರೆ ಚರ್ಮದ ಜಿಡ್ಡು ಹೋಗಿ ತುರಿಕೆ ಶುರುವಾಗುತ್ತದೆ. ಸ್ನಾನಕ್ಕಿಂತ ಒಣಗಿಸುವುದು ಮುಖ್ಯ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೇಲೆ ಒಣಗಿದಂತೆ ಕಂಡರೂ ಒಳಗೂದಲು ಒದ್ದೆಯಾಗಿಯೇ ಇರುತ್ತದೆ. ಅಲ್ಲಿ ಹುಣ್ಣು, ಬೂಸ್ಟು ರೋಗ ಹುಟ್ಟುತ್ತವೆ. ಬೆರಳಿನಿಂದ ಕೂದಲು ಬಿಡಿಸಿ ಚರ್ಮ ಮುಟ್ಟಿ ನೋಡಿ. ಅದು ಒಣಗುವವರೆಗೆ ಟವೆಲು, ಫ್ಯಾನು ನಿಲ್ಲಿಸಬೇಡಿ.

3. ಮೈಗೂ ಮಿದುಳಿಗೂ ದಿನಾ ಕೆಲಸ ಕೊಡಿ

ಬೆಳೆದ ಆರೋಗ್ಯವಂತ ನಾಯಿಗೆ ದಿನಕ್ಕೆ ಒಂದೂವರೆಯಿಂದ ಎರಡು ಗಂಟೆ ಚಟುವಟಿಕೆ ಬೇಕು. ಒಂದೇ ಸಲ ಅಲ್ಲ, ಎರಡು ಮೂರು ಕಂತಿನಲ್ಲಿ. ಬರೀ ಓಟವಾದರೆ ದಿನ ಕಳೆದಂತೆ ಅದಕ್ಕೆ ಕಸುವು ಹೆಚ್ಚುತ್ತದೆಯೇ ಹೊರತು ಶಾಂತಿ ಬರುವುದಿಲ್ಲ. ದಣಿಯದೆ ಓಡುವ ಮೈಯನ್ನು ಓಡಿಸಿಯೇ ದಣಿಸುವುದು ಆಗದ ಮಾತು. ಮೂಗು ಮತ್ತು ಬುದ್ಧಿಗೆ ಕೆಲಸ ಕೊಟ್ಟರೆ ಹದಿನೈದು ಇಪ್ಪತ್ತು ನಿಮಿಷದಲ್ಲೇ ಅದು ತೃಪ್ತಿಯಿಂದ ಮಲಗುತ್ತದೆ. ಮನೆಯಲ್ಲೇ ಆಗುವ ಕೆಲವು ಕೆಲಸಗಳು:

- ಒಣ ಆಹಾರದ ಒಂದು ಪಾಲನ್ನು ಹುಲ್ಲಿನ ಮೇಲೆ ಚೆಲ್ಲಿ, ಮೂಸಿ ಹುಡುಕಲು ಬಿಡಿ.
- ಹಳೆಯ ಟವೆಲಿನಲ್ಲಿ ತಿಂಡಿ ಸುತ್ತಿ ಸಡಿಲ ಗಂಟು ಹಾಕಿ ಕೊಡಿ. ಕಲಿತ ಮೇಲೆ ಗಂಟು ಬಿಗಿ ಮಾಡಿ.
- ಮನೆಯವರೊಬ್ಬರು ಬಾಗಿಲ ಮರೆಯಲ್ಲಿ ಅಡಗಲಿ, ‘ಹುಡುಕು’ ಎಂದು ಕಳಿಸಿ. ಸಿಕ್ಕಾಗ ಬಹುಮಾನ.
- ತೋಡುವ ಚಟ ಬಿಡಿಸಲು ಹೋಗಬೇಡಿ, ಜಾಗ ಗೊತ್ತು ಮಾಡಿ. ಅಂಗಳದ ನೆರಳಿನ ಮೂಲೆಯಲ್ಲಿ ಮರಳು ಹಾಕಿ, ಅದರಲ್ಲಿ ಆಟಿಕೆ ಹುಗಿದು, ಅಲ್ಲಿ ತೋಡಿದರೆ ಹೊಗಳಿ.

ಮರಿಗಳ ವಿಷಯ ಬೇರೆ. ಮೂಳೆಯ ತುದಿಯ ಬೆಳೆಯುವ ಭಾಗ ಗಟ್ಟಿಯಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ದೂರದ ಓಟ, ಮೆಟ್ಟಿಲ ಮೇಲಿನ ಆಟ, ಎತ್ತರದಿಂದ ಜಿಗಿತ ಬೇಡ. ಅದು ತಾನೇ ಆಡಿ ತಾನೇ ನಿಲ್ಲುವಷ್ಟು ಆಟ ಸಾಕು.

4. ಪಾಠ ಚಿಕ್ಕದಿರಲಿ, ಬಹುಮಾನ ದೊಡ್ಡದಿರಲಿ

ಹಸ್ಕಿ ಪಾಲಿಗೆ ‘ಇದರಿಂದ ನನಗೇನು?’ ಎಂಬ ಪ್ರಶ್ನೆ ಸದಾ ಇರುತ್ತದೆ. ಶೆಫರ್ಡ್ ಪಾಲು ಗದರಿಕೆಗೆ ಬೇಗ ಅಳುಕುತ್ತದೆ. ಹೀಗಾಗಿ ಹೊಡೆದು ಕಲಿಸುವ ಹಾದಿ ಎರಡೂ ಕಡೆಯಿಂದ ಸೋಲುತ್ತದೆ. ಒಂದು ಮೊಂಡು ಬೀಳುತ್ತದೆ, ಇನ್ನೊಂದು ಹೆದರಿ ಕಚ್ಚಲು ಕಲಿಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಐದೇ ನಿಮಿಷ. ಸರಿ ಮಾಡಿದ ಕ್ಷಣವೇ ಬೇಯಿಸಿದ ಕೋಳಿ ಅಥವಾ ಪನೀರಿನ ಚೂರು.

ಮರಿ ಮೂರು ವಾರದಿಂದ ಹದಿನಾಲ್ಕು ವಾರದವರೆಗೆ ಕಂಡು ಕೇಳಿದ್ದನ್ನು ಬದುಕಿನ ಸಹಜ ಭಾಗವೆಂದು ಸ್ವೀಕರಿಸುತ್ತದೆ. ಆ ವಯಸ್ಸಿನಲ್ಲಿ ಕುಕ್ಕರಿನ ಸೀಟಿ, ಮಿಕ್ಸಿ, ಸ್ಕೂಟರ್ ಹಾರ್ನು, ತಮಟೆ, ಬಿಚ್ಚಿದ ಕೊಡೆ, ಅಜ್ಜನ ಊರುಗೋಲು, ಚಿಕ್ಕ ಮಕ್ಕಳು ಎಲ್ಲವೂ ತಿಂಡಿಯ ಜೊತೆಗೆ ಪರಿಚಯವಾಗಲಿ. ಲಸಿಕೆ ಮುಗಿಯದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡು ತೋರಿಸಿ.

ಕರೆದಾಗ ಬರುವುದನ್ನು ಕಲಿಸಲು ಹತ್ತು ಮೀಟರ್ ಹಗ್ಗ ಬಳಸಿ, ಹಗ್ಗವನ್ನು ಕೊರಳಪಟ್ಟಿಗೆ ಅಲ್ಲ, ಹಾರ್ನೆಸ್‌ಗೆ ಕಟ್ಟಿ. ಹೆಸರು ಕರೆಯಿರಿ, ಬಂದರೆ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ. ಮನೆಗೆ ಹೊರಡುವಾಗ ಮಾತ್ರ ಕರೆದರೆ, ಕರೆ ಎಂದರೆ ಆಟ ಮುಗಿಯಿತು ಎಂದು ಅದು ಕಲಿಯುತ್ತದೆ. ಎಷ್ಟೇ ಚೆನ್ನಾಗಿ ಕಲಿತರೂ ಬೇಲಿಯಿಲ್ಲದ ಬಯಲಿನಲ್ಲಿ ಹಗ್ಗ ಬಿಚ್ಚಬೇಡಿ. ಅಳಿಲೊಂದು ಓಡಿದರೆ ಕಲಿತದ್ದೆಲ್ಲ ಆ ಕ್ಷಣಕ್ಕೆ ಮರೆತುಹೋಗುತ್ತದೆ.

5. ಬೇಲಿ ಭದ್ರಪಡಿಸಿ

ಇದು ಹಾರುತ್ತದೆ, ತೋಡುತ್ತದೆ, ಚಿಲಕ ತೆಗೆಯಲೂ ಕಲಿಯುತ್ತದೆ. ಕಾಂಪೌಂಡು ಆರು ಅಡಿಯಾದರೂ ಇರಲಿ. ಗೋಡೆಗೆ ಒತ್ತಿ ಕುಂಡ, ಕಲ್ಲು, ನೀರಿನ ಡ್ರಮ್ಮು ಇಟ್ಟರೆ ಅದಕ್ಕೆ ಮೆಟ್ಟಿಲು ಮಾಡಿಕೊಟ್ಟಂತೆ. ತಂತಿಬೇಲಿಯಾದರೆ ಬುಡದಲ್ಲಿ ಒಂದಡಿ ಆಳಕ್ಕೆ ಜಾಲರಿ ಹುಗಿಯಿರಿ. ಗೇಟಿಗೆ ಚಿಲಕದ ಜೊತೆ ಕೊಂಡಿಯೂ ಇರಲಿ. ಫ್ಲ್ಯಾಟ್ ಆದರೆ ಬಾಲ್ಕನಿಗೆ ಗಟ್ಟಿ ಬಲೆ ಕಟ್ಟಿಸಿ. ಕೊರಳಪಟ್ಟಿಯಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ, ಪಶುವೈದ್ಯರಿಂದ ಮೈಕ್ರೋಚಿಪ್ ಹಾಕಿಸಿ. ದೀಪಾವಳಿಯ ಸಂಜೆ ಪಟಾಕಿ ಶುರುವಾಗುವ ಮುನ್ನವೇ ನಡಿಗೆ ಮುಗಿಸಿ ಒಳಗಿನ ಕೋಣೆಯಲ್ಲಿ ಅದರ ಜೊತೆ ಯಾರಾದರೂ ಕೂತಿರಿ. ನಾಯಿಗಳು ತಪ್ಪಿಸಿಕೊಂಡು ಹೋಗುವುದು ಆ ದಿನಗಳಲ್ಲಿ ಹೆಚ್ಚು.

6. ಊಟ: ಧಾನ್ಯ ಕಡಿಮೆ, ಪ್ರೋಟೀನು ಹೆಚ್ಚು

ನಮ್ಮ ಮನೆಗಳಲ್ಲಿ ನಾಯಿಗೆ ಹಾಕುವುದು ಹೆಚ್ಚಾಗಿ ಅನ್ನ–ಮೊಸರು, ರಾಗಿ ಮುದ್ದೆ, ಹಾಲು–ಚಪಾತಿ. ರಾಗಿ ಒಳ್ಳೆಯ ಧಾನ್ಯವೇ, ಆದರೆ ಅದೊಂದೇ ಈ ನಾಯಿಗೆ ಸಾಲದು. ಸ್ನಾಯುವಿಗೆ ಬೇಕಾದ ಪ್ರೋಟೀನು ಮಾಂಸ, ಮೀನು, ಮೊಟ್ಟೆಯಿಂದ ಬರಬೇಕು. ಇನ್ನೊಂದು ಕಾರಣವೂ ಇದೆ. ಹಸ್ಕಿ ವಂಶದ ಕೆಲವು ನಾಯಿಗಳ ಕರುಳು ಸತುವಿನ ಅಂಶವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್ ಅದನ್ನು ಮತ್ತಷ್ಟು ತಡೆಯುತ್ತದೆ. ಕಣ್ಣು, ಬಾಯಿಯ ಸುತ್ತ ಹಕ್ಕಳೆ ಕಟ್ಟಿ ಕೂದಲು ಉದುರುತ್ತಿದ್ದರೆ ಅಲರ್ಜಿ ಎಂದುಕೊಂಡು ಮುಲಾಮು ಹಚ್ಚುತ್ತಾ ಕೂರದೆ ಈ ಸಾಧ್ಯತೆಯನ್ನು ವೈದ್ಯರ ಬಳಿ ಕೇಳಿ.

- ದೊಡ್ಡ ನಾಯಿಗೆ ದಿನಕ್ಕೆ ಎರಡು ಊಟ, ಮರಿಗೆ ಮೂರು ನಾಲ್ಕು. ಮೈಗೆ ಹೋಲಿಸಿದರೆ ಹಸ್ಕಿಯ ಊಟ ಕಡಿಮೆ, ತಟ್ಟೆಯಲ್ಲಿ ಬಿಟ್ಟರೆ ಒತ್ತಾಯಿಸಬೇಡಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ಅದೇ ಸರಿಯಾದ ಮೈಕಟ್ಟು.
- ಸಸ್ಯಾಹಾರಿ ಮನೆಯವರು ಮೊಸರನ್ನಕ್ಕೆ ನಿಲ್ಲದೆ, ಎಲ್ಲ ಪೋಷಕಾಂಶ ಸೇರಿಸಿದ ಸಿದ್ಧ ಆಹಾರ ಕೊಡುವುದು ಸುರಕ್ಷಿತ. ಮನೆಯ ಅಡುಗೆಯನ್ನೇ ಕೊಡುವುದಾದರೆ ಪಶುವೈದ್ಯರಿಂದ ಅಳತೆ ಬರೆಸಿಕೊಳ್ಳಿ.
- ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕ್ಸೈಲಿಟಾಲ್ ಇರುವ ಸಕ್ಕರೆರಹಿತ ತಿನಿಸು ವಿಷ. ಒಣದ್ರಾಕ್ಷಿ ಹಾಕಿದ ಕೇಸರಿಬಾತು, ಪಾಯಸ, ಈರುಳ್ಳಿ ಹಾಕಿದ ಸಾರು ಇವು ಈ ಪಟ್ಟಿಯೊಳಗೇ ಬರುತ್ತವೆ. ಬೇಯಿಸಿದ ಮೂಳೆ ಸಿಗಿದು ಕರುಳು ಚುಚ್ಚುತ್ತದೆ.
- ಮರಿಯ ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ. ದೊಡ್ಡ ತಳಿಯ ಎಳೆಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇಲ್ಲ, ಅದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ.

7. ಎರಡೂ ವಂಶದ ಕಾಯಿಲೆಗಳ ಮೇಲೆ ಕಣ್ಣಿಡಿ

‘ಮಿಶ್ರತಳಿ ಅಲ್ಲವೇ, ಕಾಯಿಲೆ ಬರುವುದಿಲ್ಲ’ ಎಂಬ ಮಾತು ಅರ್ಧ ಸತ್ಯ. ಒಂದೇ ತಳಿಯಲ್ಲಿರುವ ದೋಷ ಮಿಶ್ರಣದಲ್ಲಿ ಮರೆಯಾಗಬಹುದು. ಎರಡೂ ಕಡೆ ಬರಬಹುದಾದ ದೋಷ ಹಾಗೇ ಉಳಿಯುತ್ತದೆ.

- ಸೊಂಟದ ಕೀಲು: ತೊಡೆಮೂಳೆಯ ಗುಂಡು ಕೀಲಿನ ಗುಳಿಯಲ್ಲಿ ಸರಿಯಾಗಿ ಕೂರದ ದೋಷ ಶೆಫರ್ಡ್‌ಗಳಲ್ಲಿ ಹೆಚ್ಚು. ಏಳಲು ತಡವಾಗುವುದು, ಓಡುವಾಗ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸುವುದು ಮೊದಲ ಸೂಚನೆಗಳು. ತೂಕ ಹತೋಟಿಯಲ್ಲಿಡಿ. ನುಣುಪು ಟೈಲ್ಸ್ ಮೇಲೆ ಜಾರುತ್ತಾ ಬೆಳೆಯುವ ಮರಿಯ ಕೀಲಿಗೆ ದಿನವೂ ಪೆಟ್ಟು. ಅದು ಓಡಾಡುವ ಜಾಗಕ್ಕೆ ನಾರಿನ ಮ್ಯಾಟು ಹಾಸಿ.
- ಕಣ್ಣು: ಹಸ್ಕಿ ಕಡೆಯಿಂದ ಎಳೆ ವಯಸ್ಸಿನಲ್ಲೇ ಪೊರೆ ಬರಬಹುದು. ಮಬ್ಬು ಕಂಡರೆ, ಸಂಜೆ ಹೊತ್ತು ತಡವರಿಸಿದರೆ ತೋರಿಸಿ.
- ಜೀರ್ಣ: ಚೆನ್ನಾಗಿ ತಿಂದರೂ ಸೊರಗುತ್ತಾ, ಜಿಡ್ಡಿನ ರಾಶಿ ಮಲ ಹಾಕುತ್ತಿದ್ದರೆ ಮೇದೋಜೀರಕ ಗ್ರಂಥಿಯ ಜೀರ್ಣರಸದ ಕೊರತೆ ಇರಬಹುದು. ಶೆಫರ್ಡ್ ವಂಶದಲ್ಲಿ ಇದು ಪರಿಚಿತ ತೊಂದರೆ, ಇದಕ್ಕೆ ಚಿಕಿತ್ಸೆ ಇದೆ.
- ಉಣ್ಣೆ ಜ್ವರ: ದಟ್ಟ ಕೂದಲಿನಲ್ಲಿ ಉಣ್ಣೆ ಕಾಣುವುದೇ ಇಲ್ಲ. ಅದು ಹರಡುವ ಎರ್ಲಿಕಿಯಾ ಸೋಂಕು ಶೆಫರ್ಡ್‌ಗಳನ್ನು ಬೇರೆ ತಳಿಗಳಿಗಿಂತ ಜೋರಾಗಿ ಕಾಡುತ್ತದೆ. ದಿನವೂ ಬೆರಳ ಸಂದು, ಕಿವಿಯೊಳಗೆ, ಕೊರಳಪಟ್ಟಿಯ ಕೆಳಗೆ ಹುಡುಕಿ. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಮೂಗಿನಲ್ಲಿ ರಕ್ತ ಕಂಡರೆ ಅಂದೇ ರಕ್ತ ಪರೀಕ್ಷೆ ಮಾಡಿಸಿ.
- ಐವರ್‌ಮೆಕ್ಟಿನ್ ಎಚ್ಚರ: ಕಜ್ಜಿ, ಹುಳುಗಳಿಗೆ ಕೊಡುವ ಈ ಔಷಧಿಯ ಹೆಚ್ಚಿನ ಪ್ರಮಾಣ ಕೆಲವು ಶೆಫರ್ಡ್‌ಗಳ ಮಿದುಳಿಗೆ ವಿಷವಾಗುತ್ತದೆ. ಕಾರಣ ಎಂಡಿಆರ್1 ಎಂಬ ಜೀನಿನ ದೋಷ. ನಿಮ್ಮ ನಾಯಿಯಲ್ಲಿ ಶೆಫರ್ಡ್ ರಕ್ತವಿದೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ.
- ಲಸಿಕೆ, ಜಂತುಔಷಧಿ: ಆರೆಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್, ಆಮೇಲೆ ವೈದ್ಯರು ಹೇಳಿದ ವರ್ಷದ ಕಂತುಗಳು. ಮಳೆಗಾಲದ ಇಲಿಜ್ವರಕ್ಕೂ ಲಸಿಕೆ ಇದೆ, ಕೇಳಿ ಹಾಕಿಸಿ.
- ಸಂತಾನಹರಣ: ಶೆಫರ್ಡ್‌ಗಳಲ್ಲಿ ಒಂದು ವರ್ಷದೊಳಗೆ ಮಾಡಿಸಿದರೆ ಕೀಲುತೊಂದರೆ ಹೆಚ್ಚುವುದು ಕಂಡುಬಂದಿದೆ. ಸರಿಯಾದ ವಯಸ್ಸನ್ನು ವೈದ್ಯರೊಡನೆ ಮಾತಾಡಿ ನಿರ್ಧರಿಸಿ.

ತಡಮಾಡಬಾರದ ಎರಡು ಹೊತ್ತು

ಬಿಸಿಲಾಘಾತ. ನಾಯಿಯ ಸಹಜ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ನಿಲ್ಲದ ಏದುಸಿರು, ಅಂಟು ಜೊಲ್ಲು, ಕಡುಗೆಂಪು ವಸಡು, ತೂರಾಟ, ವಾಂತಿ ಇದರ ಲಕ್ಷಣ.

1. ತಕ್ಷಣ ನೆರಳಿಗೆ ತನ್ನಿ.
2. ನಲ್ಲಿಯ ನೀರನ್ನು ಮೈಮೇಲೆ, ಮುಖ್ಯವಾಗಿ ಹೊಟ್ಟೆ ಮತ್ತು ತೊಡೆಸಂದಿಗೆ, ಚರ್ಮ ತೋಯುವಂತೆ ಸುರಿಯುತ್ತಿರಿ. ಜೊತೆಗೆ ಫ್ಯಾನ್ ಹಾಕಿ.
3. ಪ್ರಜ್ಞೆಯಿದ್ದರೆ ಗುಟುಕು ನೀರು ಕೊಡಿ. ಬಾಯಿಗೆ ಬಲವಂತವಾಗಿ ಹೊಯ್ಯಬೇಡಿ.
4. ತಣಿಸುತ್ತಲೇ ಆಸ್ಪತ್ರೆಗೆ ಹೊರಡಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು, ಮೂತ್ರಪಿಂಡದ ಹಾನಿ ತಡವಾಗಿ ಕಾಣಿಸಿಕೊಳ್ಳಬಹುದು.

ಹೊಟ್ಟೆ ತಿರುಚುವುದು. ಆಳವಾದ ಎದೆಯ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳಬಹುದು. ಹೊಟ್ಟೆ ಉಬ್ಬಿದೆ, ವಾಂತಿಗೆ ಒತ್ತರಿಸುತ್ತದೆ, ಆದರೆ ಏನೂ ಬರುತ್ತಿಲ್ಲ, ನಿಂತಲ್ಲಿ ನಿಲ್ಲುತ್ತಿಲ್ಲ. ಇದಕ್ಕೆ ಮನೆಮದ್ದಿಲ್ಲ, ಸೋಡಾ ಕುಡಿಸಬೇಡಿ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಕೂಡಲೇ ಒಯ್ಯಿರಿ. ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರನ್ನು ಇಂದೇ ಫೋನಿನಲ್ಲಿ ಉಳಿಸಿಕೊಳ್ಳಿ. ಒಂದೇ ದೊಡ್ಡ ಊಟದ ಬದಲು ಎರಡು ಊಟ, ಊಟದ ಹಿಂದೆ ಮುಂದೆ ಒಂದು ಗಂಟೆ ವಿಶ್ರಾಂತಿ ಈ ಅಪಾಯವನ್ನು ತಗ್ಗಿಸಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಸ್ಕೂಟರಿಗೆ ಕಟ್ಟಿ ಓಡಿಸುವುದು. ವೇಗ ನಾಯಿಯ ಕೈಯಲ್ಲಿರುವುದಿಲ್ಲ. ದಣಿದರೂ ನಿಲ್ಲಲಾಗದೆ ಓಡುತ್ತದೆ. ಪಾದ ಸುಟ್ಟು, ಮೈ ಕಾದು ಕುಸಿಯುವವರೆಗೂ ನಿಮಗೆ ತಿಳಿಯುವುದಿಲ್ಲ.
- ದಿನವಿಡೀ ಚೈನಿನಲ್ಲಿ ಕಟ್ಟುವುದು. ಈ ನಾಯಿ ಒಂಟಿತನ ತಾಳುವುದಿಲ್ಲ. ಕಟ್ಟಿದಷ್ಟೂ ಊಳು, ಕಚ್ಚುವ ಸ್ವಭಾವ ಎರಡೂ ಹೆಚ್ಚುತ್ತವೆ.
- ಊಳಿಟ್ಟಾಗ ಗದರುವುದು. ಗದರಿಕೆಯೂ ಅದಕ್ಕೆ ಸಿಕ್ಕ ಗಮನವೇ. ಸುಮ್ಮನಾದ ಗಳಿಗೆಯಲ್ಲಿ ಹೊಗಳಿ. ಊಳಿಡುವ ಹೊತ್ತು ಗುರುತಿಸಿ, ಅದಕ್ಕೆ ಮೊದಲೇ ಕೆಲಸ ಕೊಡಿ.
- ಮರಿ ಕಚ್ಚಿದಾಗ ನಗುವುದು. ಮೂರು ಕಿಲೋದ ಮರಿ ಹಿಮ್ಮಡಿ ಹಿಡಿದರೆ ಮುದ್ದು, ಮೂವತ್ತು ಕಿಲೋದ ನಾಯಿ ಹಿಡಿದರೆ ಮಗು ಬೀಳುತ್ತದೆ. ಮೊದಲ ದಿನದಿಂದಲೇ ಆಟ ನಿಲ್ಲಿಸಿ, ಬಾಯಿಗೆ ಆಟಿಕೆ ಕೊಡಿ.
- ನೀಲಿ ಕಣ್ಣಿಗೆ ಮರುಳಾಗಿ ಕೊಳ್ಳುವುದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು ಎಂದು 2017ರ ಕೇಂದ್ರ ನಿಯಮ ಹೇಳುತ್ತದೆ. ತಾಯಿಯನ್ನು ನೋಡದೆ, ಅಪ್ಪ–ಅಮ್ಮನ ಸೊಂಟದ ಎಕ್ಸ್‌ರೇ ಕೇಳದೆ ದುಡ್ಡು ಕೊಡಬೇಡಿ. ಸಾಕಲಾಗದೆ ಜನ ಬಿಟ್ಟುಹೋದ ಇಂಥ ನಾಯಿಗಳು ಪ್ರಾಣಿ ಆಶ್ರಯಗಳಲ್ಲಿವೆಯೇ ಎಂದು ಮೊದಲು ವಿಚಾರಿಸಿ.

ಒಂದು ದಿನದ ವೇಳಾಪಟ್ಟಿ

- ಬೆಳಿಗ್ಗೆ 5.30ರಿಂದ 6.30: ನಡಿಗೆ, ನಡುವೆ ಉದ್ದ ಹಗ್ಗದಲ್ಲಿ ಓಟ ಮತ್ತು ಕರೆಯುವ ಅಭ್ಯಾಸ.
- 7.30: ಊಟ, ಒಂದು ಪಾಲು ಹುಡುಕಿ ತಿನ್ನುವಂತೆ. ಆಮೇಲೆ ವಿಶ್ರಾಂತಿ.
- ಮಧ್ಯಾಹ್ನ: ತಂಪು ಕೋಣೆ. ಉಪ್ಪು, ಮಸಾಲೆ ಹಾಕದ ಮಾಂಸದ ಸಾರು ಹೆಪ್ಪುಗಟ್ಟಿಸಿದ ಗಡ್ಡೆ ನೆಕ್ಕಲು. ಐದು ನಿಮಿಷ ಪಾಠ.
- ಸಂಜೆ 6.30 (ಬೇಸಿಗೆಯಲ್ಲಿ ನೆಲ ಆರಿದ ಮೇಲೆ): ನಲವತ್ತೈದು ನಿಮಿಷ ನಡಿಗೆ, ಮನೆಯಲ್ಲಿ ಅಡಗಿ ಹುಡುಕುವ ಆಟ.
- 8.30: ಊಟ.
- 9.30: ಸರದಿಯ ದಿನಗಳಲ್ಲಿ ಬಾಚುವುದು, ದಿನವೂ ಉಣ್ಣೆ ಹುಡುಕುವುದು, ಪಾದ ನೋಡುವುದು.

ಮನೆಯಲ್ಲಿ ಈಗಾಗಲೇ ಇಂಥ ನಾಯಿ ಇದ್ದರೆ ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಮೊದಲ ವಾರ ನಡಿಗೆಯ ಹೊತ್ತು ಸರಿಪಡಿಸಿ, ಎರಡನೆಯ ವಾರ ತಟ್ಟೆಯ ಊಟದ ಒಂದು ಪಾಲನ್ನು ಹುಡುಕುವ ಕೆಲಸವಾಗಿಸಿ, ಮೂರನೆಯ ವಾರ ಉದ್ದ ಹಗ್ಗದ ಪಾಠ ಶುರುಮಾಡಿ. ತೋಡುವುದು, ಊಳಿಡುವುದು ಎಷ್ಟು ತಗ್ಗಿತೆಂದು ಬರೆದಿಟ್ಟುಕೊಳ್ಳಿ. ಮೂರು ವಾರವಾದರೂ ತಗ್ಗದಿದ್ದರೆ ನೋವು ಅಥವಾ ಕಾಯಿಲೆ ಇರಬಹುದು, ವೈದ್ಯರಿಗೆ ತೋರಿಸಿ.

ಇನ್ನೂ ತರದವರಿಗೆ ಒಂದು ಸಲಹೆ. ನಾಯಿ ಇಲ್ಲದೆಯೇ ಒಂದು ತಿಂಗಳು ಈ ವೇಳಾಪಟ್ಟಿಯಂತೆ ನಡೆದು ನೋಡಿ. ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ನಡೆಯಿರಿ, ಸಂಜೆ ಮತ್ತೆ ನಡೆಯಿರಿ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಲೆಕ್ಕ ಹಾಕಿ. ಆ ತಿಂಗಳು ಹಗುರವಾಗಿ ಕಳೆದರೆ ಧೈರ್ಯವಾಗಿ ತನ್ನಿ. ಭಾರವೆನಿಸಿದರೆ ನಮ್ಮ ಹವೆಗೆ ಒಗ್ಗಿದ ಊರನಾಯಿಯ ಮರಿಯೊಂದನ್ನು ಸಾಕಿ. ಪ್ರೀತಿ, ಕಾವಲು ಎರಡರಲ್ಲೂ ಅದು ಕಡಿಮೆಯಿಲ್ಲ. ಶೆಫರ್ಡ್–ಹಸ್ಕಿ ಮರಿಯನ್ನು ಹತ್ತು ಹನ್ನೆರಡು ವರ್ಷ ದಿನವೂ ಅದರ ಜೊತೆ ನಡೆಯಬಲ್ಲ ಮನೆಗೇ ಬಿಟ್ಟುಕೊಡುವುದು ಆ ಮರಿಗೆ ನೀವು ಮಾಡುವ ದೊಡ್ಡ ಉಪಕಾರ.